ಮುಂದೂಡಿದ ತರಬೇತಿ: ಹಿಮದ ನಾಡಿನಿಂದ ಹಳ್ಳದ ದಂಡೆಯವರೆಗೆ

(ಬಳ್ಳಾರಿ ತಾಲ್ಲೂಕಿನ ರೂಪನಗುಡಿಯಲ್ಲಿ ಬೆಟ್ಟದ ಹಳ್ಳಿಗಳವರು ಮತ್ತು ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹರೂಪ)



ಬಳ್ಳಾರಿಯ ಬಿಸಿಲಿನಲ್ಲಿ ಕುಳಿತು ಹಿಮದ ಮಾತು ಕೇಳಬೇಕಾಗಿ ಬಂದಿರುವುದು ಸ್ವಲ್ಪ ವಿಚಿತ್ರವೇ ಸರಿ. ಆದರೆ ಇಂದಿನ ವಿಷಯ ಭೂಮಿಯ ಉತ್ತರದ ತುದಿಯಿಂದಲೇ ಆರಂಭವಾಗಬೇಕಾಗಿದೆ. ಅಲ್ಲಿನ ಹಳ್ಳಿಗಳ ಜನರಿಗೆ ಊರಿನ ವಿದ್ಯುತ್ತನ್ನು ತಾವೇ ನೋಡಿಕೊಳ್ಳುವ ವಿದ್ಯೆ ಕಲಿಸುವ ಒಂದು ತರಬೇತಿಯು 2020ರ ಮಹಾಮಾರಿಯ ಕಾಲದಲ್ಲಿ ಮುಂದಕ್ಕೆ ಹೋಯಿತು. ಮದುವೆ, ಜಾತ್ರೆ, ಪರೀಕ್ಷೆ ಎಲ್ಲವೂ ಮುಂದಕ್ಕೆ ಹೋದ ವರ್ಷದಲ್ಲಿ ಒಂದು ತರಬೇತಿ ಮುಂದಕ್ಕೆ ಹೋದುದನ್ನು ಯಾರು ಲೆಕ್ಕಕ್ಕಿಡುತ್ತಾರೆ? ಪತ್ರಿಕೆಗಳು ಇಡಲಿಲ್ಲ. ಊರಿನ ದೀಪ ಊರಿನವರ ಕೈಯಲ್ಲಿರಬೇಕೆಂದು ಬಯಸುವವರು ಮಾತ್ರ ಇಡಬೇಕಾಗಿದೆ. ಏಕೆಂದರೆ ಅಲ್ಲಿ ಎದುರಾದ ತೊಡಕು ಸಹ್ಯಾದ್ರಿಯ ಹಳ್ಳದ ದಂಡೆಯಲ್ಲಿಯೂ ಇದೆ, ತುಂಗಭದ್ರೆಯ ಕಾಲುವೆಯ ಬಯಲಿನಲ್ಲಿಯೂ ಇದೆ.

ಆ ನಾಡಿನ ಸ್ಥಿತಿಯನ್ನು ಮೊದಲು ತಿಳಿಯಬೇಕು. ಕೆನಡಾ ದೇಶದ ಉತ್ತರಕ್ಕೆ ನುನಾವುಟ್ ಎಂಬ ಪ್ರಾಂತ್ಯವಿದೆ. ಅಲ್ಲಿರುವುದು 25 ಊರುಗಳು. ನಿವಾಸಿಗಳಲ್ಲಿ ಬಹುಪಾಲು ಇನ್ಯುಟ್ ಎಂಬ ಮೂಲನಿವಾಸಿ ಜನ. ಒಂದು ಊರನ್ನು ಇನ್ನೊಂದಕ್ಕೆ ಸೇರಿಸುವ ವಿದ್ಯುತ್ ತಂತಿಯಿಲ್ಲ. ರಸ್ತೆಯೂ ಇಲ್ಲವೆಂದೇ ಹೇಳಬೇಕು. ಪ್ರತಿ ಊರಿಗೂ ಅದರದೇ ಡೀಸೆಲ್ ವಿದ್ಯುದಾಗಾರ. ಸಮುದ್ರದ ಮಂಜುಗಡ್ಡೆ ಕರಗಿದ ಕೆಲವೇ ತಿಂಗಳುಗಳಲ್ಲಿ ಹಡಗು ಬಂದು, ವರ್ಷಕ್ಕಾಗುವಷ್ಟು ಡೀಸೆಲನ್ನು ಟ್ಯಾಂಕುಗಳಿಗೆ ತುಂಬಿ ಹೋಗಬೇಕು. ಇಲ್ಲಿ ಕರೆಂಟು ಹೋದರೆ ಬೀಸಣಿಗೆ ಹಿಡಿದು ಕಟ್ಟೆಗೆ ಬಂದು ಕುಳಿತರಾಯಿತು. ಅಲ್ಲಿ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ ಕರೆಂಟು ಹೋದರೆ ಮನೆ ಬೆಚ್ಚಗಿಡುವ ಯಂತ್ರ ನಿಲ್ಲುತ್ತದೆ, ಕೊಳವೆಯೊಳಗಿನ ನೀರು ಹೆಪ್ಪುಗಟ್ಟಿ ಕೊಳವೆ ಒಡೆಯುತ್ತದೆ, ಕೊನೆಗೆ ಊರನ್ನೇ ತೆರವು ಮಾಡುವ ಪ್ರಸಂಗ ಬರುತ್ತದೆ. ಅಮೆರಿಕದ ಅಲಾಸ್ಕದಲ್ಲಿಯೂ ಹೀಗೆ ಒಂಟಿಯಾಗಿ ವಿದ್ಯುತ್ ಮಾಡಿಕೊಳ್ಳುವ ಊರುಗಳು 200ಕ್ಕೂ ಹೆಚ್ಚು. ಅವುಗಳಲ್ಲಿ ಕಾಟ್ಸೆಬ್ಯೂ ಎಂಬ ಊರು 1997ರಲ್ಲಿಯೇ ಗಾಳಿಯಂತ್ರಗಳನ್ನು ನೆಟ್ಟು ಡೀಸೆಲಿನ ಜೊತೆ ಗಾಳಿಯನ್ನೂ ಹೂಡಿತು.

ಗಾಳಿ ಮತ್ತು ಬಿಸಿಲನ್ನು ಡೀಸೆಲಿನ ಜೊತೆ ಹೊಂದಿಸುವುದು ಸುಲಭದ ಕೆಲಸವಲ್ಲ. ಗಾಳಿ ಒಮ್ಮೆಲೇ ಎದ್ದರೆ ಎಂಜಿನ್ನನ್ನು ತಗ್ಗಿಸಬೇಕು, ಬಿದ್ದರೆ ಏರಿಸಬೇಕು. ಈ ಹೊಂದಾಣಿಕೆಯನ್ನು ಹಳ್ಳಿಯವರಿಗೇ ಕಲಿಸಲೆಂದು ಆರ್ಕ್ಟಿಕ್ ಮಂಡಳಿಯ ಆಶ್ರಯದಲ್ಲಿ ಒಂದು ತರಬೇತಿ ಹುಟ್ಟಿತು. ಆರ್ಕ್ಟಿಕ್ ಮಂಡಳಿಯೆಂದರೆ ಎಂಟು ದೇಶಗಳು 1996ರಲ್ಲಿ ಕಟ್ಟಿಕೊಂಡ ವೇದಿಕೆ. ಆರು ಮೂಲನಿವಾಸಿ ಸಂಘಟನೆಗಳಿಗೂ ಅಲ್ಲಿ ಕಾಯಂ ಸ್ಥಾನವಿದೆ. ತರಬೇತಿಯ ಹೆಸರು ಆರ್ಕ್ಟಿಕ್ ರಿಮೋಟ್ ಎನರ್ಜಿ ನೆಟ್‌ವರ್ಕ್ಸ್ ಅಕಾಡೆಮಿ, ಸಂಕ್ಷೇಪದಲ್ಲಿ ಅರೀನಾ. ಮೊದಲ ತಂಡದವರು 2017ರಲ್ಲಿ ಕೆನಡಾ, ಅಲಾಸ್ಕ, ಐಸ್‌ಲ್ಯಾಂಡ್‌ಗಳಿಗೆ ಹೋಗಿ, ತಮ್ಮಂಥ ಊರುಗಳ ಯಂತ್ರಗಳನ್ನು ಕಣ್ಣಾರೆ ಕಂಡು, ಅವನ್ನು ನಡೆಸುವವರ ಬಾಯಿಂದಲೇ ಕೇಳಿ ಕಲಿತರು. ಊರಿನಿಂದ ಊರಿಗೆ ಹೋಗುವುದೇ ಈ ತರಬೇತಿಯ ಜೀವಾಳ. ಮಹಾಮಾರಿ ಮೊದಲು ತಡೆದದ್ದೂ ಅದನ್ನೇ.

ತಡೆದದ್ದು ತಪ್ಪೆಂದು ಯಾರೂ ಹೇಳಲಾರರು. ಅಲಾಸ್ಕದಲ್ಲಿ ಬ್ರೆವಿಗ್ ಮಿಷನ್ ಎಂಬ ಪುಟ್ಟ ಊರಿದೆ. 1918ರ ನವೆಂಬರ್ ತಿಂಗಳಲ್ಲಿ, ಐದೇ ದಿನಗಳಲ್ಲಿ, ಆ ಊರಿನ 80 ಮಂದಿ ವಯಸ್ಕರಲ್ಲಿ 72 ಮಂದಿ ಇನ್‌ಫ್ಲುಯೆಂಜಾಕ್ಕೆ ಬಲಿಯಾದರು. ಹೊರಗಿನಿಂದ ಬಂದವರ ಜೊತೆ ರೋಗ ಬರುತ್ತದೆಂಬುದನ್ನು ಆ ಜನ ಅಜ್ಜ ಅಜ್ಜಿಯರಿಂದ ಕೇಳಿ ಬಲ್ಲರು. ನಮ್ಮ ನಾಡಿನ ಹಳ್ಳಿಗಳಲ್ಲಿಯೂ ಪ್ಲೇಗಿನ ಕಾಲದಲ್ಲಿ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡ ಕಥೆಯನ್ನು ಹೇಳುವ ಮುದುಕರು ಇತ್ತೀಚಿನವರೆಗೂ ಇದ್ದರು. ಹಾಗಾಗಿ 2020ರ ಮಾರ್ಚ್ 24ರಂದು ನುನಾವುಟ್ ಹೊರಗಿನವರಿಗೆ ಬಾಗಿಲು ಹಾಕಿತು. ಅದೇ 24ರ ರಾತ್ರಿ ಭಾರತದಲ್ಲಿಯೂ ಲಾಕ್‌ಡೌನ್ ಘೋಷಣೆಯಾಯಿತು. ಬಾಗಿಲು ಹಾಕಿದ್ದರ ಫಲ ಅಲ್ಲಿ ಕಂಡಿತು. ಜಗತ್ತೆಲ್ಲ ರೋಗ ಹರಡಿದರೂ ನುನಾವುಟ್‌ನಲ್ಲಿ ಮೊದಲ ಕೊರೋನಾ ಪ್ರಕರಣ ದೃಢಪಟ್ಟದ್ದು ನವೆಂಬರ್ 6ರಂದು.

ಅರೀನಾದ ಎರಡನೆಯ ತಂಡದ ಪ್ರಯಾಣವನ್ನು ಮುಂದೂಡಿದ್ದು ಇಂಥ ಹಿನ್ನೆಲೆಯಲ್ಲಿ. ರೋಗ ಇಳಿಯಿತೆನ್ನುವಷ್ಟರಲ್ಲಿ ಇನ್ನೊಂದು ಅಡ್ಡಿ ಬಂತು. ಉಕ್ರೇನಿನ ಮೇಲೆ ರಷ್ಯ ದಾಳಿ ಮಾಡಿದ ಬಳಿಕ, 2022ರ ಮಾರ್ಚ್‌ನಲ್ಲಿ ಉಳಿದ ಏಳು ದೇಶಗಳು ಆರ್ಕ್ಟಿಕ್ ಮಂಡಳಿಯ ಕೆಲಸದಿಂದ ಕೆಲಕಾಲ ಹಿಂದೆ ಸರಿದವು. ಹಳ್ಳಿಯ ಎಂಜಿನ್ನಿಗೂ ಆ ಯುದ್ಧಕ್ಕೂ ಏನು ಸಂಬಂಧವೆಂದು ಕೇಳಿದರೆ ಉತ್ತರಿಸುವುದು ಕಷ್ಟ. ಆದರೆ ತರಬೇತಿಯ ಸೂತ್ರ ದೂರದಲ್ಲೆಲ್ಲೋ ಇದ್ದಾಗ ಇಂಥ ಸಂಬಂಧವಿಲ್ಲದ ಸಂಗತಿಗಳೂ ಅದನ್ನು ಎಳೆಯುತ್ತವೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಮೊಬೈಲಿನಲ್ಲಿ, ಕಂಪ್ಯೂಟರಿನಲ್ಲಿ ಕಲಿಸಬಹುದಾಗಿತ್ತಲ್ಲ? ಮಕ್ಕಳ ಪಾಠವೆಲ್ಲ ಆ ಎರಡು ವರ್ಷ ಹಾಗೆಯೇ ನಡೆಯಿತಲ್ಲ? ನಡೆದ ರೀತಿಯನ್ನು ಹಳ್ಳಿಯ ತಾಯಂದಿರೇ ಬಲ್ಲರು. ಸಿಗ್ನಲ್ಲಿಗಾಗಿ ಗುಡ್ಡ ಹತ್ತಿದ ಮಕ್ಕಳು ಮಲೆನಾಡಿನಲ್ಲಿ ಒಬ್ಬಿಬ್ಬರಲ್ಲ. ಅದು ಒತ್ತಟ್ಟಿಗಿರಲಿ. ಯಂತ್ರದ ವಿದ್ಯೆಯಲ್ಲಿ ಕೈಗೆ, ಕಿವಿಗೆ, ಮೂಗಿಗೆ ಬರುವ ಭಾಗವೊಂದಿದೆ. ಬೇರಿಂಗ್ ಸವೆಯತೊಡಗಿದಾಗ ಟರ್ಬೈನಿನ ಸದ್ದು ಬದಲಾಗುವುದನ್ನು ಪಕ್ಕದಲ್ಲಿ ನಿಂತವನೇ ತಿಳಿಯಬೇಕು. ಗೋಬರ್ ಗ್ಯಾಸಿನ ಬಗ್ಗಡ ಎಷ್ಟು ತೆಳುವಿರಬೇಕೆಂಬುದು ಕೈಯಿಟ್ಟು ಕಲಸಿದವಳಿಗೆ ಗೊತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಒಲೆಯನ್ನು ನೋಡಿದವರು ಇಲ್ಲಿಯೂ ಇರಬಹುದು. ಅದರ ಬೆಂಕಿಗೂಡಿನ ಅಳತೆ ತುಸು ತಪ್ಪಿದರೆ ಹೊಗೆ ಕೊಳವೆಗೆ ಏರದೆ ಅಡುಗೆಮನೆಗೇ ಹಿಂತಿರುಗುತ್ತದೆ. ಒಲೆಯ ನಕ್ಷೆ ಮನೆ ಮನೆಗೆ ಹಂಚಿದರೂ ಅದನ್ನು ಸರಿಯಾಗಿ ಕಟ್ಟಲು ಕಟ್ಟಿ ಕಲಿತ ಕೈ ಬೇಕಾಯಿತು. ರಾಜಸ್ಥಾನದ ತಿಲೋನಿಯಾದಲ್ಲಿ ಬೇರ್‌ಫುಟ್ ಕಾಲೇಜು ಅಕ್ಷರ ಬಾರದ ಅಜ್ಜಿಯರಿಗೆ ಆರು ತಿಂಗಳಲ್ಲಿ ಸೌರದೀಪದ ವಿದ್ಯೆ ಕಲಿಸುವುದು ತಂತಿಗಳ ಬಣ್ಣದ ಗುರುತಿನಿಂದ, ಕೈಸನ್ನೆಯಿಂದ. ಕೇಂದ್ರ ಸರ್ಕಾರ 2015ರಲ್ಲಿ ಆರಂಭಿಸಿದ ಸೂರ್ಯಮಿತ್ರ ತರಬೇತಿಯನ್ನು 600 ಗಂಟೆಗಳ ವಸತಿ ಶಿಬಿರವಾಗಿ ರೂಪಿಸಿದ್ದಕ್ಕೂ ಕಾರಣ ಇದೇ.

ಸ್ಥಳವೂ ಪಾಠದ ಒಂದು ಭಾಗ. ಸೌರಫಲಕವೆಂದರೆ ಎಲ್ಲೆಡೆಯೂ ಒಂದೇ ಎಂದು ವಿದ್ಯಾರ್ಥಿಗಳು ಭಾವಿಸುವುದುಂಟು. ಫಲಕದ ಬಿಸಿ 25 ಡಿಗ್ರಿ ದಾಟಿದ ಮೇಲೆ ಒಂದೊಂದು ಡಿಗ್ರಿಗೂ ಅದರ ಉತ್ಪಾದನೆ ಸುಮಾರು ನೂರಕ್ಕೆ 0.4ರಷ್ಟು ಇಳಿಯುತ್ತದೆ. ಬಳ್ಳಾರಿಯ ಮೇ ತಿಂಗಳಿನಲ್ಲಿ ಫಲಕ 60 ಡಿಗ್ರಿಗೆ ಕಾದರೆ ಆ ಲೆಕ್ಕದಲ್ಲಿ ನೂರಕ್ಕೆ 14 ಭಾಗ ನಷ್ಟ. ಮೇಲೆ ಸಂಡೂರಿನ ಕಡೆಯ ಕೆಂಪು ದೂಳು ಬೇರೆ. ಆರ್ಕ್ಟಿಕ್ಕಿನಲ್ಲಿ ಚಳಿ ಫಲಕಕ್ಕೆ ಒಳ್ಳೆಯದನ್ನೇ ಮಾಡುತ್ತದೆ. ಆದರೆ ಬ್ಯಾಟರಿಯನ್ನು ಕುಗ್ಗಿಸುತ್ತದೆ, ನಡುಚಳಿಗಾಲದಲ್ಲಿ ಸೂರ್ಯನೇ ಮೇಲೇಳುವುದಿಲ್ಲ. ಮಲೆನಾಡಿನಲ್ಲಿ ಮರದ ನೆರಳು, ಪಾಚಿ. ಮೂರು ಕಡೆಗೂ ಒಂದೇ ಪಾಠ ಹೇಳಿ ಕಳಿಸಿದರೆ ಪ್ರಮಾಣಪತ್ರ ಸಿಕ್ಕೀತು, ಅಷ್ಟೆ.

ಇನ್ನು ಮುಖ್ಯ ವಿಷಯಕ್ಕೆ ಬರಬೇಕು. ಕಚೇರಿಯಲ್ಲಿ ಕುಳಿತವರಿಗೆ ಮುಂದೂಡುವುದೆಂದರೆ ದಿನಾಂಕ ಬದಲಾಯಿಸುವುದು: ಏಪ್ರಿಲ್ ಆಗದಿದ್ದರೆ ಆಗಸ್ಟ್. ಬೆಟ್ಟದಲ್ಲಿ ಏಪ್ರಿಲ್ ಬೇರೆ, ಆಗಸ್ಟ್ ಬೇರೆ.

ಕೊಡಗು, ಚಿಕ್ಕಮಗಳೂರು, ಶಿವಮೊಗ್ಗ, ಉತ್ತರ ಕನ್ನಡಗಳ ಬೆಟ್ಟದ ಮನೆಗಳಲ್ಲಿ ಹಳ್ಳದ ನೀರನ್ನು ಪೈಪಿನಲ್ಲಿ ಇಳಿಸಿ ಸಣ್ಣ ಟರ್ಬೈನ್ ತಿರುಗಿಸುವುದು ಹೊಸದೇನಲ್ಲ. ನೂರಾರು ಮನೆಗಳು ಮಳೆಗಾಲದ ಕತ್ತಲೆಯನ್ನು ಹೀಗೆ ಕಳೆಯುತ್ತವೆ. ಸಾಮಾನ್ಯವಾಗಿ ಜೂನ್‌ನಲ್ಲಿ ಹಳ್ಳ ತುಂಬಿದಾಗಿನಿಂದ ಮಾಘದ ಹೊತ್ತಿಗೆ ನೀರು ಸೊರಗುವವರೆಗೆ ಅದರ ಕಾಲ. ನೀರು ಇಳಿದ ಬಳಿಕ ಮಳೆ ಬರುವವರೆಗಿನ ಮೂರು ನಾಲ್ಕು ತಿಂಗಳು ದುರಸ್ತಿಯ ಕಾಲ. ತಲೆಗಟ್ಟಿನ ಹೂಳು ತೆಗೆಯುವುದು, ಪೈಪು ಜೋಡಿಸುವುದು, ಬೇರಿಂಗ್ ಬದಲಾಯಿಸುವುದು, ಟರ್ಬೈನಿನ ಚಕ್ರ ಬಿಚ್ಚಿ ನೋಡುವುದು ಎಲ್ಲವೂ ಆಗಲೇ ಆಗಬೇಕು. ಬಿಚ್ಚಿ ಜೋಡಿಸುವ ವಿದ್ಯೆಯನ್ನು ಕಲಿಸಬೇಕಾದದ್ದೂ ಆಗಲೇ. ಜಿಗಣೆ ಹತ್ತುವ ಆಷಾಢದ ಮಳೆಯಲ್ಲಿ, ಉಕ್ಕುವ ಹಳ್ಳದ ನಡುವೆ ನಿಂತು ಯಾರೂ ಪಾಠ ಹೇಳಲಾರರು.

ಕರ್ನಾಟಕದಲ್ಲಿ ಮಹಾಮಾರಿಯ ದಿಗ್ಬಂಧನಗಳು ಯಾವಾಗ ಬಂದವೆಂದು ನೆನೆಯಬೇಕು. ಮೊದಲನೆಯದು 2020ರ ಮಾರ್ಚ್ 25ರಿಂದ ಮೇ ಕೊನೆಯವರೆಗೆ. ಎರಡನೆಯದು 2021ರ ಏಪ್ರಿಲ್ ಕೊನೆಯಿಂದ ಜೂನ್ ನಡುವಿನವರೆಗೆ. ಎರಡೂ ಬೇಸಗೆಯಲ್ಲಿ, ಎರಡೂ ಹಳ್ಳ ಒಣಗಿದ ದುರಸ್ತಿಯ ಕಾಲದಲ್ಲಿ. ಪಟ್ಟಣದ ಶಿಬಿರವೊಂದು ಎರಡು ತಿಂಗಳು ಮುಂದಕ್ಕೆ ಹೋದರೆ ನಷ್ಟ ಎರಡು ತಿಂಗಳದ್ದು. ಬೆಟ್ಟದ ಶಿಬಿರ ಎರಡು ತಿಂಗಳು ಮುಂದಕ್ಕೆ ಹೋದರೆ ನಷ್ಟ ಒಂದು ವರ್ಷದ್ದು. ಮರುವರ್ಷವೂ ಹಾಗೆಯೇ ಆದರೆ ಎರಡು ವರ್ಷದ್ದು. ಆರ್ಕ್ಟಿಕ್ಕಿನಲ್ಲಿ ಹಡಗಿನ ಕಾಲ ತಪ್ಪಿದರೆ ಆಗುವುದೂ ಇದೇ. ಬಿಡಿಭಾಗವೊಂದು ಆ ಬೇಸಗೆಯ ಹಡಗಿಗೆ ಏರದಿದ್ದರೆ ಮುಂದಿನ ಬೇಸಗೆಯವರೆಗೆ ಕಾಯಬೇಕು, ಇಲ್ಲವೇ ವಿಮಾನಕ್ಕೆ ದುಬಾರಿ ಬಾಡಿಗೆ ತೆರಬೇಕು. ತುಂಗಭದ್ರಾ ಕಾಲುವೆಯ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಾಲುವೆಯ ದುರಸ್ತಿ ಬೇಸಗೆಯಲ್ಲಿ ಆಗದಿದ್ದರೆ, ನೀರು ಬಿಟ್ಟ ಮೇಲೆ ಆಗುವುದಿಲ್ಲ.

ಕಾಲುವೆಯ ಮಾತು ಬಂದುದರಿಂದ ಅಣೆಕಟ್ಟೆಯ ಒಂದು ಪ್ರಸಂಗವನ್ನು ಇಲ್ಲಿ ಹೇಳಿಬಿಡಬೇಕು; ಕೈವಿದ್ಯೆಯ ಬೆಲೆ ತಿಳಿಯಲು ಅದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳ ಪೈಕಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ರೈತರಿಗೆ ಅಂದು ನಿದ್ದೆಯಿಲ್ಲ. ಹರಿಯುವ ನೀರಿನಲ್ಲಿಯೇ ತಡೆಫಲಕಗಳನ್ನು ಇಳಿಸುವ ಕೆಲಸಕ್ಕೆ ಗೇಟುಗಳ ತಜ್ಞರೆಂದು ಹೆಸರಾದ, ವಯಸ್ಸಾದ ಎಂಜಿನಿಯರ್ ಕನ್ನಯ್ಯ ನಾಯ್ಡು ಅವರನ್ನು ಕರೆಸಬೇಕಾಯಿತು. ಒಂದು ವಾರದೊಳಗೆ ಕೆಲಸ ಮುಗಿದು ನೀರು ನಿಂತಿತು. ಅವರ ಬಗ್ಗೆ ಎಲ್ಲರೂ ಹೆಮ್ಮೆಪಟ್ಟರು, ಪಡಬೇಕಾದದ್ದೇ. ಅಂಥ ವಿದ್ಯೆ ಎಷ್ಟು ಮಂದಿಯ ಕೈಯಲ್ಲಿದೆ, ಅವರ ಬಳಿ ಕಲಿಯುತ್ತಿರುವ ಹುಡುಗರು ಎಷ್ಟು ಎಂಬ ಪ್ರಶ್ನೆ ಮಾತ್ರ ಆ ಸಂಭ್ರಮದಲ್ಲಿ ಅಷ್ಟಾಗಿ ಕೇಳಿಬರಲಿಲ್ಲ.

ಹಳ್ಳಿಯ ಅಳತೆಯಲ್ಲಿಯೂ ಅದೇ ಪ್ರಶ್ನೆ. ಟರ್ಬೈನ್ ಬಲ್ಲವನು ಊರಿನಲ್ಲಿ ಒಬ್ಬನೇ. ಅವನು ಜ್ವರದಿಂದ ಮಲಗಿದರೆ, ಅಥವಾ ಬೆಂಗಳೂರಿಗೆ ದುಡಿಯಲು ಹೋಗಿ ಅಲ್ಲಿಯೇ ಸಿಕ್ಕಿಬಿದ್ದರೆ, ದೀಪದ ಗತಿಯೇನು? ರಸ್ತೆ ಮುಚ್ಚಿದಾಗ ಪಟ್ಟಣದ ಮೆಕ್ಯಾನಿಕ್ ಬರುವುದಿಲ್ಲ. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಬೇಕೆಂದು ತಿಳಿದವರಿಲ್ಲದ ಕಡೆ ನೀರು ಇಂಗಿ, ಒಳಗಿನ ಹಲಗೆಗಳು ಹೊರಬಿದ್ದು, ಕೆಲವೇ ತಿಂಗಳಲ್ಲಿ ಬ್ಯಾಟರಿ ಸಾಯುತ್ತದೆ. ಬಯಲುಸೀಮೆಯ ಬೀದಿಗಳಲ್ಲಿ ಫಲಕ ಹೊತ್ತ ಕಂಬ ನಿಂತಿದೆ, ದೀಪ ಉರಿಯದು. ರೂಪನಗುಡಿಯವರು ಇದನ್ನು ಬೆಟ್ಟದವರ ಕಷ್ಟವೆಂದು ತಿಳಿಯಬಾರದು. ಇದೇ ಜಿಲ್ಲೆಯ ಕುಡಿತಿನಿಯಲ್ಲಿ 1,700 ಮೆಗಾವಾಟ್‌ನ ಶಾಖೋತ್ಪನ್ನ ಸ್ಥಾವರವಿದೆ. ಪಾವಗಡದಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ಉದ್ಯಾನವಿದೆ. ಇಷ್ಟು ವಿದ್ಯುತ್ತಿನ ನಡುವೆ ಇದ್ದೂ ಒಂದು ಫ್ಯೂಸ್ ಹೋದರೆ ಊರೆಲ್ಲ ಲೈನ್‌ಮನ್ ದಾರಿ ಕಾಯುತ್ತದೆ. ಆ ಲೈನ್‌ಮನ್‌ಗಳು ಮಹಾಮಾರಿಯ ಕಾಲದಲ್ಲಿಯೂ ಕಂಬ ಹತ್ತಿದರೆಂಬುದನ್ನು ಮರೆಯಬಾರದು.

ಹಾಗಾದರೆ ಊರಿನವರೇ ನಡೆಸಿದ ಉದಾಹರಣೆ ಕರ್ನಾಟಕದಲ್ಲಿ ಇಲ್ಲವೇ? ಇದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರು 1974ರಲ್ಲಿ ಆರಂಭಿಸಿದ ‘ಅಸ್ತ್ರ’ ಕೇಂದ್ರದ ಹೆಸರನ್ನು ಆಗಲೇ ಹೇಳಿದ್ದಾಯಿತು. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಆ ಕೇಂದ್ರದವರು ಮೊದಲು ಸಮುದಾಯ ಗೋಬರ್ ಗ್ಯಾಸನ್ನು ಅಡುಗೆಗೆಂದು ಹೂಡಿದರು. ಊರಿನ ಸಗಣಿ ಎಲ್ಲರ ಅಡುಗೆಗೆ ಸಾಲದೆ ಅದು ಸೋತಿತು. ಜನರ ಜೊತೆ ಮಾತಾಡಿ, 1987ರ ವೇಳೆಗೆ ಅದೇ ಗ್ಯಾಸಿನಿಂದ ಎಂಜಿನ್ ನಡೆಸಿ ಕುಡಿಯುವ ನೀರು ಮತ್ತು ಮನೆದೀಪ ಕೊಡುವ ದಾರಿ ಹಿಡಿದರು. ಸಗಣಿ ತಂದವರಿಗೆ ಸಣ್ಣ ಹಣ. ಕೊಳೆತ ಬಗ್ಗಡ ಗೊಬ್ಬರವಾಗಿ ಅವರಿಗೇ ವಾಪಸ್ಸು. ಎಂಜಿನ್ ನಡೆಸಿದವರು ಅದೇ ಊರಿನ ಯುವಕರು. ಮೇಲ್ವಿಚಾರಣೆ ಊರಿನ ಸಭೆಯದು. ಯುವಕರ ತರಬೇತಿ ಹದಿನೈದು ದಿನಗಳ ಶಿಬಿರದಲ್ಲಿ ಮುಗಿದುದಲ್ಲ. ಅದೇ ತಾಲ್ಲೂಕಿನ ಉಂಗ್ರದಲ್ಲಿ ಅಸ್ತ್ರದ ಕೇಂದ್ರವಿತ್ತು. ಕೇಳಬೇಕಾದದ್ದನ್ನು ಹೋಗಿ ಕೇಳುವಷ್ಟು ಹತ್ತಿರ. ಎಂಜಿನ್ನಿಗಿಂತ ಆ ಹತ್ತಿರವೇ ಪುರದ ಬಲವಾಗಿತ್ತೆಂದು ಹೇಳಿದರೆ ತಪ್ಪಾಗದು.

ಮಹಾಮಾರಿಯ ಕಾಲದಲ್ಲಿಯೇ ಕರ್ನಾಟಕ ಇನ್ನೊಂದು ಪ್ರಯೋಗವನ್ನು ಕಂಡಿತು. 2020ರ ಆಗಸ್ಟ್‌ನಲ್ಲಿ ಶಿಕ್ಷಣ ಇಲಾಖೆ ವಿದ್ಯಾಗಮ ಎಂಬ ಕಾರ್ಯಕ್ರಮ ಆರಂಭಿಸಿತು. ಶಾಲೆ ಮುಚ್ಚಿದ್ದರಿಂದ ಶಿಕ್ಷಕರೇ ಊರಿಗೆ ಹೋಗಿ ಮರದಡಿ, ಗುಡಿಯ ಅಂಗಳದಲ್ಲಿ ಮಕ್ಕಳ ಸಣ್ಣ ಗುಂಪುಗಳಿಗೆ ಪಾಠ ಮಾಡಿದರು. ರೋಗದ ಭಯದಿಂದ ಅಕ್ಟೋಬರ್‌ನಲ್ಲಿ ನಿಂತು, 2021ರ ಜನವರಿಯಲ್ಲಿ ಶಾಲೆಯ ಆವರಣದಲ್ಲಿ ಮತ್ತೆ ಮೊದಲಾಯಿತು. ಅದರಲ್ಲಿ ಕುಂದುಗಳಿದ್ದವು, ಶಿಕ್ಷಕರೂ ಅಪಾಯಕ್ಕೆ ಒಡ್ಡಿಕೊಂಡರು. ಆದರೆ ಕಲಿಯುವವರನ್ನು ಕೇಂದ್ರಕ್ಕೆ ಕರೆಯದೆ ಕಲಿಸುವವರು ಅವರ ಬಳಿಗೆ ಹೋದ ಆ ಕ್ರಮ ಶಕ್ತಿಯ ತರಬೇತಿಗೂ ಸಲ್ಲುತ್ತದೆ. ಐವತ್ತು ಊರಿನವರನ್ನು ಒಂದು ಸಭಾಂಗಣಕ್ಕೆ ತುಂಬುವ ಬದಲು, ಬಲ್ಲ ಊರಿನ ಇಬ್ಬರು ಪಕ್ಕದ ಊರಿಗೆ ನಡೆದು ಹೋಗಿ ಅಲ್ಲಿಯದೇ ಯಂತ್ರವನ್ನು ಬಿಚ್ಚಿ ತೋರಿಸಿದರೆ, ರೋಗದ ದಾರಿಯೂ ಕಿರಿದಾಗುತ್ತದೆ, ಪಾಠವೂ ನಿಲ್ಲುತ್ತದೆ.

ಕಾಯಬೇಕಾಗಿ ಬಂದ ತಿಂಗಳುಗಳು ಬರಿದಾಗಬೇಕಿಲ್ಲ. ಗುರುವಿಲ್ಲದೆಯೂ ಆಗುವ ಕೆಲಸವೊಂದಿದೆ, ಅಳತೆ. ಟರ್ಬೈನ್ ಕೂರಿಸುವ ಮುನ್ನ ಹಳ್ಳದ ನೀರು ವರ್ಷದುದ್ದಕ್ಕೂ ಎಷ್ಟೆಂದು ತಿಳಿದಿರಬೇಕು; ಆರ್ಕ್ಟಿಕ್ಕಿನಲ್ಲಿಯೂ ಗಾಳಿಯಂತ್ರ ನೆಡುವ ಮುನ್ನ ವರ್ಷಗಟ್ಟಲೆ ಗಾಳಿಯನ್ನು ಅಳೆಯುತ್ತಾರೆ. ಇದನ್ನು ಹೈಸ್ಕೂಲಿನ ಮಕ್ಕಳು ಮಾಡಬಲ್ಲರು. ನೀರನ್ನು ಒಂದು ದೋಣಿಯಿಂದ ಬೀಳುವಂತೆ ಮಾಡಿ ಕೆಳಗೆ ಹತ್ತು ಲೀಟರಿನ ಬಕೆಟ್ ಹಿಡಿಯಬೇಕು. ಎರಡು ಸೆಕೆಂಡಿನಲ್ಲಿ ತುಂಬಿದರೆ ಸೆಕೆಂಡಿಗೆ ಐದು ಲೀಟರು. ನೀರು ಹಿಡಿಯುವ ಜಾಗದಿಂದ ಟರ್ಬೈನಿನವರೆಗಿನ ಇಳುಕಲು ಮೂವತ್ತು ಮೀಟರೆಂದು ಇಟ್ಟುಕೊಂಡರೆ, ಐದನ್ನು ಮೂವತ್ತರಿಂದ ಗುಣಿಸಿ, ಬಂದುದನ್ನು ಮತ್ತೆ ಐದರಿಂದ ಗುಣಿಸಬೇಕು: 750 ವಾಟ್. ಪೈಪಿನ ಉಜ್ಜಾಟ, ಯಂತ್ರದ ಸೋರಿಕೆಗಳನ್ನೆಲ್ಲ ಕಳೆದು ಸುಮಾರಾಗಿ ಕೈಗೆ ಸಿಗುವ ಶಕ್ತಿ ಅಷ್ಟು. ವಾರಕ್ಕೊಮ್ಮೆ, ಒಂದೇ ಜಾಗದಲ್ಲಿ ಅಳೆದು, ತಾರೀಖಿನ ಜೊತೆ ಬರೆದಿಡಬೇಕು. ಬೇಸಗೆಯಲ್ಲಿ ಹಳ್ಳ ಬತ್ತಿದ ವಾರಗಳಲ್ಲಿ ಸೊನ್ನೆಯನ್ನೂ ಬರೆಯಬೇಕು. ಸೊನ್ನೆ ಬರೆಯಲು ನಾಚಿಕೊಂಡವರ ಟರ್ಬೈನ್‌ಗಳು ಅಟ್ಟ ಸೇರಿವೆ.

ಬಯಲಿನ ವಿದ್ಯಾರ್ಥಿಗಳಿಗೆ ಹಳ್ಳವಿಲ್ಲ, ಬಿಸಿಲಿದೆ. ಶಾಲೆಯ ಅಥವಾ ಪಂಚಾಯ್ತಿಯ ಫಲಕವನ್ನು ಒರೆಸುವ ಮುನ್ನ ಎಷ್ಟು, ಒರೆಸಿದ ಮೇಲೆ ಎಷ್ಟು ಎಂದು ಮೀಟರಿನಲ್ಲಿ ನೋಡಿ ಬರೆದರೆ ದೂಳಿನ ಲೆಕ್ಕ ತಾನಾಗಿ ಸಿಗುತ್ತದೆ. ಬೆಳಿಗ್ಗೆ ತಂಪಿನಲ್ಲಿಯೇ ಒರೆಸಬೇಕು. ಕಾದ ಗಾಜಿನ ಮೇಲೆ ತಣ್ಣೀರು ಸುರಿಯಬಾರದು.

ಇನ್ನು ತರಬೇತಿಯ ತಾರೀಖು. ಬಿಚ್ಚಿ ಜೋಡಿಸುವ ಪಾಠ ಬೆಟ್ಟದಲ್ಲಿ ಫಾಲ್ಗುಣ–ಚೈತ್ರಗಳಲ್ಲಿ ಆಗಬೇಕು. ನಡೆಸುವ ಪಾಠ ಮಳೆಯ ಅಬ್ಬರ ಇಳಿದ ಆಶ್ವಯುಜದಲ್ಲಿ. ಒಂದು ತಪ್ಪಿದರೆ ಇನ್ನೊಂದಕ್ಕೆ ಬದಲಾಯಿಸಬಹುದು. ಯಾವ ಪಾಠ ಎಂಬುದೂ ಆಗ ಬದಲಾಗಬೇಕು. ಬಳ್ಳಾರಿಯ ಬಯಲಿನಲ್ಲಿ ಕಾಲುವೆ ಒಣಗಿದ ತಿಂಗಳುಗಳಲ್ಲಿ ರೈತರಿಗೆ ಬಿಡುವು ಸಿಗುತ್ತದೆ, ಆದರೆ ಬಿಸಿಲು ಬಿಡುವುದಿಲ್ಲ. ಪಾಠ ಬೆಳಗಿನ ಹತ್ತು ಗಂಟೆಗೆ ಮುಗಿಯಬೇಕು. ಪ್ರತಿ ಊರಿನಿಂದ ಒಬ್ಬರ ಬದಲು ಇಬ್ಬರು ಬರಬೇಕು, ಅವರಲ್ಲಿ ಒಬ್ಬರು ಊರು ಬಿಟ್ಟು ದುಡಿಯಲು ಹೋಗದ ಹೆಣ್ಣುಮಗಳಾಗಿರಬೇಕು. ಯಂತ್ರದ ಬಳಿ ಒಂದು ಬೇರಿಂಗ್, ಒಂದು ಬೆಲ್ಟು, ನಾಲ್ಕು ಫ್ಯೂಸುಗಳು ಮಳೆಗಾಲಕ್ಕೆ ಮುನ್ನವೇ ಡಬ್ಬಿಯಲ್ಲಿ ಇರಬೇಕು.

ಬೆಟ್ಟದಿಂದ ಬಂದಿರುವ ಮಕ್ಕಳು ಬಕೆಟ್ಟಿನ ಲೆಕ್ಕವನ್ನು ಬರುವ ಭಾನುವಾರವೇ ಆರಂಭಿಸಬಹುದು. ಮುಂದಿನ ಸಲ ಸೇರುವಾಗ ಆ ಪುಸ್ತಕಗಳನ್ನು ತಪ್ಪದೆ ತರಬೇಕು.